ಚಿಕ್ಕಿಯ ಧೂಳು, ಫರಸಿಯ ಲೆಕ್ಕ

ಮೇ ತಿಂಗಳಲ್ಲಿ ಸೇಡಂ, ಚಿತ್ತಾಪುರ ಕಡೆ ಮನೆಯೊಳಗೆ ಮಲಗುವವರು ಕಡಿಮೆ. ಹಗಲೆಲ್ಲ ಕಾದ ಫರಸಿಕಲ್ಲು ರಾತ್ರಿ ಹನ್ನೊಂದಾದರೂ ತಣಿಯುವುದಿಲ್ಲ. ಮಾಳಿಗೆಗೆ ಎರಡು ಕೊಡ ನೀರು ಹೊಯ್ದು, ಅದು ಚುಂಯ್ಯೆಂದು ಆರಿದ ಮೇಲೆ ಕೌದಿ ಹಾಸಿ ಮಲಗಿದವರಿಗೆ ಬೆಳಗಿನ ಜಾವ ಮೂರೂವರೆ, ನಾಲ್ಕರ ಹೊತ್ತಿಗೆ ಒಂದಿಷ್ಟು ತಂಪುಗಾಳಿ ಸಿಗುತ್ತದೆ. ಮೇ ಮೊದಲ ವಾರದಲ್ಲಿ ಆ ಹೊತ್ತಿಗೆ ಎಚ್ಚರಾದವರು ಮೂಡಣಕ್ಕೆ ಮುಖ ಮಾಡಿದರೆ ಒಂದು ಬೆಳ್ಳನೆಯ ಗೆರೆ ಸರ್ರನೆ ಎದ್ದು, ಆಕಾಶದ ಅರ್ಧ ದಾಟಿ, ಹಿಂದೆ ಹೊಗೆಯಂಥ ಜಾಡು ಬಿಟ್ಟು ಮಾಯವಾಗುವುದು ಕಾಣಿಸೀತು. ‘ಚಿಕ್ಕಿ ಬಿತ್ತು’ ಅನ್ನುತ್ತಾರೆ ಇಲ್ಲಿಯ ಮಂದಿ.

ಆ ಚಿಕ್ಕಿ ಎಂದರೆ ಹ್ಯಾಲಿ ಧೂಮಕೇತು ಎಷ್ಟೋ ಶತಮಾನಗಳ ಹಿಂದೆ ಉದುರಿಸಿಹೋದ ಮರಳಿನ ಕಾಳಿನಷ್ಟು ಕಸ. ಧೂಮಕೇತು 1986ರಲ್ಲಿ ಬಂದು ಹೋಗಿದೆ, ಮತ್ತೆ ಬರುವುದು 2061ಕ್ಕೆ. ಅದರ ಕಸ ಮಾತ್ರ ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲೊಮ್ಮೆ ಮತ್ತು ಅಕ್ಟೋಬರಿನಲ್ಲೊಮ್ಮೆ, ಭೂಮಿಯ ದಾರಿಗೆ ಅಡ್ಡ ಬರುತ್ತದೆ. ಸೆಕೆಂಡಿಗೆ 66 ಕಿಲೋಮೀಟರ್ ವೇಗ. ವಾಡಿ ಜಂಕ್ಷನ್ನಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗುವಷ್ಟು ದೂರ ಅದಕ್ಕೆ ಕಣ್ಣು ಮಿಟುಕಿಸುವಷ್ಟರ ಕೆಲಸ. ನೆಲದಿಂದ ನೂರು ಕಿಲೋಮೀಟರ್ ಆಸುಪಾಸು ಎತ್ತರದಲ್ಲಿ ಗಾಳಿಗೆ ಡಿಕ್ಕಿ ಹೊಡೆದು ಕಾದು ಆವಿಯಾಗುತ್ತದೆ. ದಾರಿಯ ಗಾಳಿಯ ಅಣುಗಳೂ ಹೊತ್ತಿ ಬೆಳಗುತ್ತವೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಈ ಐದೂ ಊರಿನವರಿಗೆ ಧೂಳು ಹೊಸದಲ್ಲ. ಸುಣ್ಣಕಲ್ಲಿನ ಖಣಿ, ಸಿಮೆಂಟ್ ಕಾರ್ಖಾನೆ, ಫರಸಿ ಕೊಯ್ಯುವ ಯಂತ್ರ, ಎಲ್ಲ ಕಡೆಯೂ ಅದೇ. ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂರುವ ಈ ಧೂಳಿನ ಜೊತೆಗೆ ಇನ್ನೊಂದು ಧೂಳೂ ದಿನವೂ ಸದ್ದಿಲ್ಲದೆ ಬೀಳುತ್ತಿದೆ. ಅದು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಹಿಂದೆ ಎಷ್ಟು ಬರುತ್ತಿತ್ತು ಎಂಬ ಪ್ರಶ್ನೆಗಳಿಗೆ ವಿಜ್ಞಾನ ಇನ್ನೂರು ವರ್ಷಗಳಿಂದ ಉತ್ತರ ಹುಡುಕುತ್ತಿದೆ. ಮೊದಮೊದಲು ಉತ್ತರಗಳು ಆಕಾಶದಲ್ಲಿ ಸಿಕ್ಕವು. ಈಚೆಗೆ ಅವು ಸಿಗುತ್ತಿರುವುದು, ಸೋಜಿಗವೆನಿಸಿದರೂ, ಸುಣ್ಣಕಲ್ಲಿನಲ್ಲಿ.

ಉಲ್ಕೆಗಳನ್ನು ವಿಂಗಡಿಸುವ ಹಂಬಲ ನಮ್ಮಲ್ಲಿ ಹಳೆಯದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉಲ್ಕಾಲಕ್ಷಣಕ್ಕೇ ಒಂದು ಅಧ್ಯಾಯವಿದೆ. ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆ. ಸ್ವರ್ಗದಲ್ಲಿ ಪುಣ್ಯಫಲ ತೀರಿಸಿಕೊಂಡು ಕೆಳಗೆ ಬೀಳುವವರ ರೂಪಗಳೇ ಇವು ಎಂಬ ವಿವರಣೆ. ಸಿಡಿಲನ್ನೂ ಉಲ್ಕೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಅಂದಿನ ಮಟ್ಟಿಗೆ ತಪ್ಪೇನಲ್ಲ, ಎರಡೂ ಮೇಲಿನಿಂದ ಬೆಂಕಿಯಾಗಿ ಬರುವಂಥವು. ಯುರೋಪಿನವರೂ ಹತ್ತೊಂಬತ್ತನೆಯ ಶತಮಾನದವರೆಗೆ ಉಲ್ಕೆಯನ್ನು ಹವಾಮಾನದ ಲೆಕ್ಕಕ್ಕೇ ಸೇರಿಸಿದ್ದರು. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಜ್ಯೋತಿಷವನ್ನು ಬದಿಗಿಟ್ಟು ಗಣಿತಕ್ಕಷ್ಟೇ ಮೀಸಲಾದ ಗಣಿತಸಾರಸಂಗ್ರಹ ಬರೆದರು. ಉಲ್ಕೆಯ ವಿಷಯದಲ್ಲೂ ಮುಂದೆ ಆಗಬೇಕಾಗಿದ್ದು ಅದೇ: ಶಕುನ ಬಿಟ್ಟು ಎಣಿಕೆ ಹಿಡಿಯುವುದು.

ಆ ಎಣಿಕೆಗೆ ನಾಂದಿ ಹಾಡಿದ್ದು 1833ರ ನವೆಂಬರ್ 13ರ ಬೆಳಗಿನ ಜಾವ. ಅಮೆರಿಕದ ಮೇಲೆ ಅಂದು ಉಲ್ಕೆಗಳು ಮಳೆಯ ಹಾಗೆ ಸುರಿದವು. ಪ್ರಳಯವೇ ಬಂತೆಂದು ಜನ ಬೀದಿಗಿಳಿದರೆ, ಡೆನಿಸನ್ ಓಲ್ಮ್‌ಸ್ಟೆಡ್ ಎಂಬ ಪ್ರಾಧ್ಯಾಪಕ ಒಂದು ಸಂಗತಿ ಗುರುತಿಸಿದ. ಗೆರೆಗಳೆಲ್ಲ ಸಿಂಹರಾಶಿಯ ಒಂದೇ ಬಿಂದುವಿನಿಂದ ಕವಲೊಡೆಯುತ್ತಿದ್ದವು. ದೂರದ ರೈಲು ಹಳಿಗಳು ಒಂದೇ ಕಡೆ ಕೂಡಿದಂತೆ ಕಾಣುವುದಿಲ್ಲವೆ, ಹಾಗೆ. ಎಂದರೆ ಕಣಗಳು ಒಂದಕ್ಕೊಂದು ಸಮಾಂತರವಾಗಿ, ಗುಂಪಾಗಿ, ಭೂಮಿಯ ಆಚೆಯಿಂದ ಬರುತ್ತಿವೆ. ಉಲ್ಕಾಹೊಳೆ ಎಂಬ ಕಲ್ಪನೆ ಹುಟ್ಟಿದ್ದು ಅಲ್ಲಿ. 1866ರ ಹೊತ್ತಿಗೆ ಇಟಲಿಯ ಶಿಯಾಪರೆಲ್ಲಿ ಆಗಸ್ಟಿನ ಪರ್ಸೀಡ್ ಉಲ್ಕೆಗಳ ದಾರಿ 1862ರಲ್ಲಿ ಕಂಡ ಸ್ವಿಫ್ಟ್–ಟಟಲ್ ಧೂಮಕೇತುವಿನ ದಾರಿಯೇ ಎಂದು ತೋರಿಸಿದ. ಉಲ್ಕೆಯ ಹೆತ್ತವರ ಪತ್ತೆ ಆಯಿತು.

ಈ ಕತೆಯ ಒಂದು ತಿರುವು ದಕ್ಷಿಣ ಭಾರತದಲ್ಲಿ ನಡೆಯಿತು. ಬೀಲಾ ಎಂಬ ಧೂಮಕೇತು 1846ರಲ್ಲಿ ಎಲ್ಲರ ಕಣ್ಣೆದುರೇ ಎರಡು ಹೋಳಾಗಿ, 1852ರಲ್ಲಿ ಮತ್ತೊಮ್ಮೆ ಮುಖ ತೋರಿಸಿ ಕಾಣೆಯಾಗಿತ್ತು. 1872ರ ನವೆಂಬರ್ 27ರ ರಾತ್ರಿ, ಅದರ ಹಳೆಯ ದಾರಿಯನ್ನು ಭೂಮಿ ದಾಟುವಾಗ, ಯುರೋಪಿನ ಮೇಲೆ ಸಾವಿರಾರು ಉಲ್ಕೆ ಸುರಿದವು. ಜರ್ಮನಿಯ ಗ್ಯೋಟಿಂಗೆನ್ನಿನಲ್ಲಿದ್ದ ಕ್ಲಿಂಕರ್‌ಫ್ಯೂಸ್ ತಡಮಾಡದೆ ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್ನನಿಗೆ ತಂತಿ ಹೊಡೆದ: ಬೀಲಾ ಭೂಮಿಯನ್ನು ಸವರಿಕೊಂಡು ಹೋಗಿದೆ, ದಕ್ಷಿಣದ ಆಕಾಶದಲ್ಲಿ ಹುಡುಕು. ಡಿಸೆಂಬರ್ ಮೊದಲ ವಾರದಲ್ಲಿ ಮೋಡದ ಬಿರುಕಿನಲ್ಲಿ ಪಾಗ್ಸನ್ನನಿಗೆ ಒಂದು ಮಸುಕು ಧೂಮಕೇತು ಕಂಡೂಬಿಟ್ಟಿತು! ಎರಡು ದಿನ ನೋಡುವಷ್ಟರಲ್ಲಿ ಮತ್ತೆ ಮೋಡ ಕವಿಯಿತು. ಅದು ಬೀಲಾದ ಚೂರೇ ಅಥವಾ ಅಡ್ಡಬಂದ ಬೇರೊಂದು ಧೂಮಕೇತುವೇ ಎಂಬ ವಾದ ಇಂದಿಗೂ ಪೂರ್ತಿ ಮುಗಿದಿಲ್ಲ. ಹೆಚ್ಚಿನವರ ಮತ ಎರಡನೆಯದಕ್ಕೆ.

ಸೇಡಂ ಸೀಮೆ ಆಗ ನಿಜಾಮರದು. ಹೈದರಾಬಾದಿನಲ್ಲಿ ನವಾಬ್ ಜಫರ್ ಜಂಗ್ ದೂರದರ್ಶಕ ತರಿಸಿ ಆರಂಭಿಸಿದ ನಿಜಾಮಿಯಾ ವೀಕ್ಷಣಾಲಯ ಈ ಭಾಗಕ್ಕೆ ಹತ್ತಿರದ ಖಗೋಳ ಕೇಂದ್ರ. ಅಲ್ಲಿ ಕೆಲಸಕ್ಕಿದ್ದವರ ಮಗ ವೈನು ಬಾಪು 1949ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿಯಾಗಿದ್ದಾಗಲೇ ಹೊಸ ಧೂಮಕೇತುವೊಂದನ್ನು ಪತ್ತೆ ಮಾಡಿ, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ್ದು ಎಲ್ಲರಿಗೂ ಗೊತ್ತು. ಜನ ಮರೆತಿರುವ ಹೆಸರು ಉಸ್ಮಾನಿಯಾದ ಪ್ರಾಧ್ಯಾಪಕ ಮಹಮ್ಮದ್ ಅಬ್ದುರ್ ರಹಮಾನ್ ಖಾನರದು. 1930–40ರ ದಶಕಗಳಲ್ಲಿ ಅವರು ಬೇಗಂಪೇಟೆಯಲ್ಲಿ ಕೂತು ಉಲ್ಕೆ ಎಣಿಸಿ, ಅಮೆರಿಕದ ‘ಪಾಪ್ಯುಲರ್ ಆಸ್ಟ್ರಾನಮಿ’ ಪತ್ರಿಕೆಗೆ ವರದಿ ಕಳಿಸುತ್ತಿದ್ದರು. ಉಲ್ಕಾಶಿಲೆ ಕೂಡಿಹಾಕುವ ಹುಚ್ಚೂ ಇತ್ತು. ಬರಿಗಣ್ಣು, ಗಡಿಯಾರ, ನಕ್ಷತ್ರಪಟ ಇಷ್ಟೇ ಸಲಕರಣೆ. ಉಲ್ಕಾವಿಜ್ಞಾನ ಹವ್ಯಾಸಿಗಳ ಬೆವರಿನಿಂದ ಬೆಳೆದದ್ದು ಎನ್ನುವುದಕ್ಕೆ ನಮ್ಮ ಮಗ್ಗುಲಿನ ಉದಾಹರಣೆ ಇದು.

ಕಣ್ಣಿನ ಎಣಿಕೆಗೆ ರೇಡಿಯೋ ಜೊತೆಯಾದದ್ದು ಆ ಕಾಲದಲ್ಲೇ. ಉಲ್ಕೆ ಉರಿದ ಜಾಡಿನಲ್ಲಿ ವಿದ್ಯುತ್ಕಣಗಳು ಉಳಿಯುತ್ತವೆ, ಅವಕ್ಕೆ ತಾಗಿದ ರೇಡಿಯೋ ಅಲೆ ಮರಳುತ್ತದೆ. 1933ರ ನವೆಂಬರಿನ ಲಿಯೊನಿಡ್ ಉಲ್ಕೆಗಳು, ಅಂದರೆ 1833ರಲ್ಲಿ ಸುರಿದ ಅದೇ ಸಿಂಹರಾಶಿಯ ಹೊಳೆಯವು, ಅಯಾನುಗೋಳವನ್ನು ಕಲಕುವುದನ್ನು ಕಲಕತ್ತೆಯಲ್ಲಿ ಶಿಶಿರ್ ಕುಮಾರ್ ಮಿತ್ರ ಮತ್ತು ಸಂಗಡಿಗರು ಅಳೆದು ‘ನೇಚರ್’ನಲ್ಲಿ ಬರೆದರು. ಮೋಡವಿದ್ದರೂ, ಹಗಲಿದ್ದರೂ ಎಣಿಕೆ ನಿಲ್ಲದ ಕಾಲ ಅಲ್ಲಿಂದ ಶುರು. ಕೇರಳದ ತುಂಬಾದಲ್ಲಿ 2004ರಿಂದ ಕೆಲಸ ಮಾಡಿದ ಉಲ್ಕಾ ರಾಡಾರು ಎಣಿಕೆಯ ಜೊತೆಗೆ ಆ ಎತ್ತರದ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನೂ ಹೇಳಿತು. ಬಲೂನು ಮುಟ್ಟದ, ಉಪಗ್ರಹ ಇಳಿಯಲಾಗದ ಆ ಪದರದಲ್ಲಿ ಉಲ್ಕೆಯ ಜಾಡೇ ಗಾಳಿಪಟ.

ಇನ್ನು ಭವಿಷ್ಯ ನುಡಿಯುವ ಪಾಡು. ಲಿಯೊನಿಡ್ ಬಿರುಮಳೆ 33 ವರ್ಷಕ್ಕೊಮ್ಮೆ ಎಂಬ ಲೆಕ್ಕ 1833, 1866ರಲ್ಲಿ ಕೂಡಿಬಂತು. 1899ರಲ್ಲಿ ಜಗತ್ತೆಲ್ಲ ನಿದ್ದೆಗೆಟ್ಟು ಕಾಯಿತು, ಏನೂ ಬರಲಿಲ್ಲ. ಗುರು, ಶನಿಗಳ ಸೆಳೆತಕ್ಕೆ ಹೊಳೆ ಪಾತ್ರ ಬದಲಿಸಿತ್ತು. ಆ ಅವಮಾನ ಅಳಿಸಲು ನೂರು ವರ್ಷ ಬೇಕಾಯಿತು. ಡೇವಿಡ್ ಆಶರ್ ಮತ್ತು ರಾಬರ್ಟ್ ಮೆಕ್‌ನಾಟ್ ಆ ಹೊಳೆಯ ಧೂಮಕೇತು ಪ್ರತಿ ಸುತ್ತಿನಲ್ಲೂ ಬಿಟ್ಟುಹೋದ ಧೂಳಿನ ಎಳೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿ, 1999ರ ನವೆಂಬರ್ 18ರ ಸುರಿತದ ವೇಳೆಯನ್ನು ಕೆಲವೇ ನಿಮಿಷಗಳ ವ್ಯತ್ಯಾಸದಲ್ಲಿ ಹೇಳಿದರು. ಇಂದು ಉಲ್ಕಾವೃಷ್ಟಿಯ ಹೊತ್ತು ಹೇಳುವುದು ನಮ್ಮ ಮುಂಗಾರಿನ ದಿನ ಹೇಳುವುದಕ್ಕಿಂತ ಸುಲಭ.

ಗುರುತಿಸಿ ಒಪ್ಪಿದ ಹೊಳೆಗಳು ನೂರಕ್ಕೂ ಹೆಚ್ಚಿದ್ದರೂ ಕಲಬುರಗಿ ಸೀಮೆಯ ಋತುಮಾನಕ್ಕೆ ಒಗ್ಗುವವು ಬೆರಳೆಣಿಕೆಯವು. ಹೆಸರುವಾಸಿ ಪರ್ಸೀಡ್ ಬರುವುದು ಆಗಸ್ಟಿನ ಮೋಡದಲ್ಲಿ. ಪತ್ರಿಕೆಗಳು ಪ್ರತಿವರ್ಷ ಅದನ್ನೇ ಮೆರೆಸುತ್ತವೆ, ಇಲ್ಲಿಯವರು ಪ್ರತಿವರ್ಷ ಮೋಡ ನೋಡಿ ಮಲಗುತ್ತಾರೆ. ಡಿಸೆಂಬರ್ 14ರ ಸುಮಾರಿನ ಜೆಮಿನಿಡ್ ನಿಜವಾಗಿ ಈ ನಾಡಿನದು. ತೊಗರಿ ಕಾಯಿ ಬಲಿತು ಹೊಲ ಕಾಯುವ ಕಾಲ, ಆಕಾಶ ಸ್ವಚ್ಛ, ಮಿಥುನ ರಾಶಿ ನಡುರಾತ್ರಿ ದಾಟಿದ ಮೇಲೆ ನೆತ್ತಿಯ ಹತ್ತಿರ. ಕತ್ತಲ ಊರಿನಲ್ಲಿ ಗಂಟೆಗೆ ಹತ್ತಾರು ಉಲ್ಕೆ, ಸೆಕೆಂಡಿಗೆ 35 ಕಿಲೋಮೀಟರಿನ ನಿಧಾನ ನಡೆ. ಎಳ್ಳಮಾಸಿಗೆ ಚರಗ ಚೆಲ್ಲಿ ಹೊಲದಲ್ಲೇ ಉಳಿಯುವವರಿಗೆ ಇನ್ನೊಂದು ಅವಕಾಶವಿದೆ. ಜನವರಿ 3–4ರ ಕ್ವಾಡ್ರಾಂಟಿಡ್ ಕೆಲವು ವರ್ಷ ಅಮಾವಾಸ್ಯೆಯ ಕತ್ತಲಿಗೇ ಸರಿಯಾಗಿ ಬೀಳುತ್ತದೆ. 2022ರಲ್ಲಿ ಎಳ್ಳಮಾಸಿ ಜನವರಿ 2ಕ್ಕೆ ಬಂದು, ಮರುದಿನದ ನಡುರಾತ್ರಿ ಕಳೆದ ಮೇಲೆ ಉಲ್ಕೆಗಳ ಸರದಿ ಬಂದಿತ್ತು.

ಜೆಮಿನಿಡ್‌ನ ತಾಯಿ ಯಾರೆಂಬುದು ಮಾತ್ರ ಇಂದಿಗೂ ತಕರಾರು. 1983ರಲ್ಲಿ ಐರಾಸ್ ಉಪಗ್ರಹ ಪತ್ತೆ ಹಚ್ಚಿದ ಫೇಯ್ಥಾನ್ ಅದೇ ದಾರಿಯಲ್ಲಿ ಸುತ್ತುತ್ತಿದೆ. ಆದರೆ ಅದು ಹಿಮದ ಧೂಮಕೇತುವಲ್ಲ, ಕಲ್ಲಿನ ಕ್ಷುದ್ರಗ್ರಹ. ಸೂರ್ಯನ ಹತ್ತಿರ ಹೋದಾಗ ಸಣ್ಣ ಬಾಲ ಮೂಡುತ್ತದೆ. ಅದೂ ಧೂಳಲ್ಲ, ಸೋಡಿಯಂ ಆವಿ ಎಂದು 2023ರಲ್ಲಿ ಗೊತ್ತಾಯಿತು. ಹಾಗಾದರೆ ಇಷ್ಟೊಂದು ಕಾಳು ಒಟ್ಟಿಗೆ ಉದುರಿದ್ದು ಹೇಗೆ? ಡಿಕ್ಕಿಯೋ ಸಿಡಿತವೋ, ಏನೋ ರಭಸದ್ದು ನಡೆದಿರಬೇಕು ಎಂಬುದು ಪಾರ್ಕರ್ ನೌಕೆಯ ಅಳತೆಗಳನ್ನು ನೋಡಿದವರ ಅಂದಾಜು. ಅದರ ಹತ್ತಿರ ಹಾದು ಧೂಳು ಪರೀಕ್ಷಿಸಲು ಜಪಾನ್ ‘ಡೆಸ್ಟಿನಿ ಪ್ಲಸ್’ ನೌಕೆಯನ್ನು ಅಣಿಗೊಳಿಸುತ್ತಿದೆ.

ಹೊಳೆ ಹರಿದು ಹರಿದು ಚದುರಿದರೆ ಅದು ಉಲ್ಕೆಯಾಗಿ ಕಾಣದ, ಗ್ರಹಗಳ ನಡುವೆಲ್ಲ ಹರಡಿದ ಧೂಳು. ಚಿಂಚೋಳಿಯ ಕಾಡಿನಂಚಿನಲ್ಲಿ, 2011ರಲ್ಲಿ ವನ್ಯಧಾಮವಾದ ಆ ಕಾಡಿನ ಕತ್ತಲಲ್ಲಿ, ಫೆಬ್ರುವರಿ ತಿಂಗಳ ಸಂಜೆ ಕೆಂಪು ಪೂರ್ತಿ ಆರಿದ ಮೇಲೆ ಪಡುವಣದಲ್ಲಿ ಗೋಪುರದಂಥ ಮಂದ ಬೆಳಕು ನಿಲ್ಲುತ್ತದೆ. ಅಲ್ಲಿ ಹೊಳೆಯುತ್ತಿರುವುದು ಆ ಧೂಳೇ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅದೇ ಬೆಳಕು ನಸುಕಿಗೆ ಮುಂಚೆ ಮೂಡಣಕ್ಕೆ. ಫಜ್ರ್ ನಮಾಜಿನ ಹೊತ್ತು ತಪ್ಪಬಾರದೆಂದು ಮುಸಲ್ಮಾನರು ಶತಮಾನಗಳಿಂದ ಇದನ್ನು ಗುರುತಿಸಿ ‘ಸುಬಹ್-ಎ-ಕಾಜಿಬ್’, ಸುಳ್ಳು ನಸುಕು, ಎಂದು ಹೆಸರಿಟ್ಟು ನಿಜದ ನಸುಕಿನಿಂದ ಬೇರೆ ಮಾಡಿದ್ದಾರೆ. ಕ್ಯಾಸಿನಿ ಇದನ್ನು ಸೂರ್ಯನ ಸುತ್ತಲ ಧೂಳಿನ ಬೆಳಕು ಎಂದದ್ದು 1683ರಲ್ಲಿ. ಸಿಮೆಂಟ್ ಊರುಗಳ ದೀಪದ ಹೊಗರು ಏರಿದಷ್ಟೂ ಇದು ಕಾಣುವ ಜಾಗ ತೆಲಂಗಾಣದ ಗಡಿಯತ್ತ ಸರಿಯುತ್ತಿದೆ.

ಈ ಧೂಳು ಒಂದೇ ಕಡೆ ನಿಲ್ಲುವುದಿಲ್ಲ. ಬಿಸಿಲಿನ ಒತ್ತಡವೇ ಕಣದ ಓಟಕ್ಕೆ ಸಣ್ಣ ತಡೆಯಾಗಿ, ಅದು ಸುಳಿ ಸುತ್ತಿ ಮೆಲ್ಲಗೆ ಸೂರ್ಯನತ್ತ ಜಾರುತ್ತದೆ. ಪಾಯ್ಂಟಿಂಗ್ ಮತ್ತು ರಾಬರ್ಟ್‌ಸನ್ ಕಟ್ಟಿದ ಲೆಕ್ಕ ಇದು. ಹಾಗಾದರೆ ಯಾರೋ ಸದಾ ಹೊಸ ಧೂಳು ತುಂಬುತ್ತಿರಬೇಕು. ಗುರುಗ್ರಹದ ಹಿಡಿತಕ್ಕೆ ಸಿಕ್ಕ ಗಿಡ್ಡ ಅವಧಿಯ ಧೂಮಕೇತುಗಳೇ ಮುಖ್ಯ ದಾನಿಗಳು ಎಂಬ ವಾದಕ್ಕೆ 2010ರಿಂದ ಬಲ ಬಂದಿದೆ. ಮಂಗಳನ ಕಡೆಯಿಂದ ಎಂಬ ಇನ್ನೊಂದು ವಾದ ಜೂನೊ ನೌಕೆಯ ಫಲಕಗಳಿಗೆ ತಾಗಿದ ಪೆಟ್ಟುಗಳನ್ನು ಎಣಿಸಿ ಹುಟ್ಟಿತು. ಅದನ್ನು ಒಪ್ಪುವವರು ಕಡಿಮೆ. ನಮ್ಮವರೂ ಈ ಕಣಗಳಿಗೆ ಬಲೆ ಬೀಸಿದ್ದಾರೆ. 2024ರ ಜನವರಿ 1ರಂದು ಪಿಎಸ್‌ಎಲ್‌ವಿ ಸಿ–58 ರಾಕೆಟ್ಟಿನ ಕೊನೆಯ ಹಂತದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ‘ಡೆಕ್ಸ್’ ಎಂಬ ಮೂರು ಕಿಲೋ ತೂಕದ ಉಪಕರಣವನ್ನು 350 ಕಿಲೋಮೀಟರ್ ಎತ್ತರಕ್ಕೆ ಕಳಿಸಿತು. ಸರಾಸರಿ ಸಾವಿರ ಸೆಕೆಂಡಿಗೊಂದು ಪೆಟ್ಟು ಅದರಲ್ಲಿ ದಾಖಲಾಯಿತು.

ನೆಲಕ್ಕೆ ತಲುಪುವುದು ಎಷ್ಟು? ದಶಕಗಳ ಕಾಲ ಅಂದಾಜುಗಳು ಹತ್ತಾರು ಪಟ್ಟು ಹೆಚ್ಚು ಕಡಿಮೆ ತೂಗುತ್ತಿದ್ದವು. ಅಂಟಾರ್ಕ್ಟಿಕದ ಹಿಮ ಕರಗಿಸಿ ಸೋಸಿದ ಫ್ರೆಂಚ್ ತಂಡ 2021ರಲ್ಲಿ ಕೊಟ್ಟ ಸಂಖ್ಯೆ ವರ್ಷಕ್ಕೆ ಸುಮಾರು 5,200 ಟನ್. ಇಡೀ ಭೂಮಿಗೆ ಅಷ್ಟು. ಸಿಮೆಂಟ್ ಹೊತ್ತು ವಾಡಿಯಿಂದ ಹೊರಡುವ ಎರಡು ಗೂಡ್ಸ್ ಗಾಡಿಗೆ ತುಂಬಿದರೂ ಜಾಗ ಮಿಕ್ಕೀತು.

ಹಿಮವೇ ಏಕೆ, ಮನೆಯ ಮಾಳಿಗೆಯೂ ಆದೀತು ಎಂದು ತೋರಿಸಿದವನು ನಾರ್ವೆಯ ಯೋನ್ ಲಾರ್ಸೆನ್, ಜಾಜ್ ಗಿಟಾರಿಸ್ಟ್. (ಗ್ರಹಗಳ ನಡುವಿನ ಧೂಳಿನ ಮೇಲೆ ಪಿಎಚ್.ಡಿ. ಮಾಡಿದ ‘ಕ್ವೀನ್’ ತಂಡದ ಬ್ರಯನ್ ಮೇ ಕೂಡ ಗಿಟಾರಿಸ್ಟೇ. ಎರಡಕ್ಕೂ ಏನೋ ನಂಟಿದೆ.) 2017ರಲ್ಲಿ ಲಾರ್ಸೆನ್ನನೂ ಲಂಡನ್ನಿನ ಮ್ಯಾಥ್ಯೂ ಗೆಂಜ್ ಎಂಬ ಭೂವಿಜ್ಞಾನಿಯೂ ನಗರದ ಮಾಳಿಗೆಗಳ ಕೆಸರಿನಿಂದ 500 ಕಾಳುಗಳನ್ನು ಗುರುತಿಸಿದ ಸುದ್ದಿ ಪ್ರಕಟಿಸಿದರು. ವಿಧಾನ ಯಾರಿಗೂ ಕೈಗೆಟುಕುವಂಥದ್ದು. ಮಾಳಿಗೆಯ ದೋಣಿಯ ಬಾಯಲ್ಲಿ ಮಳೆಗಾಲ ಮುಗಿದ ಮೇಲೆ ಉಳಿದ ಮಣ್ಣನ್ನು ತಂದು ತೊಳೆಯಬೇಕು, ಒಣಗಿಸಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತ ಆಡಿಸಬೇಕು. ಚೀಲ ತಿರುವಿ ಕೊಡವಿದರೆ ಕಪ್ಪು ಪುಡಿ ಉದುರುತ್ತದೆ. ಸೂಕ್ಷ್ಮದರ್ಶಕದಡಿ ಅದರಲ್ಲಿ ಗಸಗಸೆಗಿಂತ ಸಣ್ಣ, ಕರಗಿ ಗುಂಡಗಾದ ಮಣಿಗಳು ಕಾಣುತ್ತವೆ; ಕೆಲವಕ್ಕೆ ಮೈತುಂಬ ಪಟ್ಟೆ, ಕೆಲವಕ್ಕೆ ಮೂಗಿನಂತೆ ಚಾಚಿದ ನಿಕಲ್ ಹನಿ.

ಅಷ್ಟಕ್ಕೆ ಹಿಗ್ಗುವಂತಿಲ್ಲ. ವಾಡಿ, ಶಹಾಬಾದದ ಮಾಳಿಗೆಯ ಕಪ್ಪು ಪುಡಿಯಲ್ಲಿ ರೈಲಿನ ಬ್ರೇಕಿನ ಕಿಡಿ, ವೆಲ್ಡಿಂಗಿನ ಹನಿ, ಕಲ್ಲಿದ್ದಲ ಹಾರುಬೂದಿ, ಭಟ್ಟಿಯ ಸಣ್ಣಮಣಿ ಎಲ್ಲವೂ ಗುಂಡಗೇ ಇರುತ್ತವೆ. ಬೆಂಕಿಗೆ ಕರಗಿ ಗಾಳಿಯಲ್ಲಿ ಆರಿದ ಹನಿಗೆ ಬೇರೆ ಆಕಾರವೇ ಗೊತ್ತಿಲ್ಲ. ದೇಶದಲ್ಲಿ ಈ ಹುಡುಕಾಟಕ್ಕೆ ಇದಕ್ಕಿಂತ ಕಷ್ಟದ ಜಾಗ ಅಪರೂಪ. ಸಾಲದ್ದಕ್ಕೆ ರಸ್ತೆಬದಿಯಲ್ಲಿ ಸಿಗುವ ಕ್ಲಿಂಕರ್ ಉಂಡೆ, ಲಾರಿಯಿಂದ ಉದುರಿದ ಆ ಕಪ್ಪುಬೂದು ಗೋಲಿ, ‘ಆಕಾಶದ ಕಲ್ಲು’ ಎಂದು ನಂಬಿಸಲು ಹೇಳಿ ಮಾಡಿಸಿದಂತಿದೆ. ಅಂದಹಾಗೆ ಉಲ್ಕಾವೃಷ್ಟಿಯ ರಾತ್ರಿ ಕಲ್ಲು ಹುಡುಕಲು ಹೋಗುವುದು ದಂಡ. ಧೂಮಕೇತುವಿನ ಕಾಳು ಎಂದೂ ಕಲ್ಲಾಗಿ ನೆಲ ಮುಟ್ಟುವಷ್ಟು ಗಟ್ಟಿಯಲ್ಲ. 1865ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ, 2008ರ ಸೆಪ್ಟೆಂಬರ್ 12ರಂದು ಹೊಸೂರಿನಾಚೆ ಸೂಳಗಿರಿಯಲ್ಲಿ ಬಿದ್ದ ಕಲ್ಲುಗಳು ಕ್ಷುದ್ರಗ್ರಹದ ಚೂರುಗಳು. ಅವಕ್ಕೆ ತಿಥಿ ವಾರದ ಹಂಗಿಲ್ಲ.

ಇಂದಿನ ಧೂಳು ಮಾಳಿಗೆಯಲ್ಲಿದ್ದರೆ ನಿನ್ನೆಯದು ಎಲ್ಲಿ? ಇಲ್ಲಿ ಸುಣ್ಣಕಲ್ಲು ಬರುತ್ತದೆ.

ಇಟಲಿಯ ಗುಬ್ಬಿಯೊ ಎಂಬಲ್ಲಿ ಸುಣ್ಣಕಲ್ಲಿನ ಪದರಗಳ ನಡುವೆ ಒಂದು ಸೆಂಟಿಮೀಟರ್ ಜೇಡಿಪಟ್ಟಿಯಿದೆ, 6.6 ಕೋಟಿ ವರ್ಷ ಹಳೆಯದು. ಅಷ್ಟು ಜೇಡಿ ಕೂರಲು ಎಷ್ಟು ಕಾಲ ಹಿಡಿಯಿತೆಂದು ತಿಳಿಯಲು ಆಲ್ವರೆಜ್ ತಂದೆ–ಮಗ ಒಂದು ಉಪಾಯ ಹೂಡಿದರು. ಆಕಾಶದ ಧೂಳು ಒಂದೇ ಸಮನೆ ಬೀಳುತ್ತದೆ, ಅದರಲ್ಲಿ ಇರಿಡಿಯಂ ಇದೆ; ಇರಿಡಿಯಂ ತೂಗಿದರೆ ಕಾಲ ಸಿಕ್ಕೀತು. ತೂಗಿದಾಗ ಅದು ಇರಬೇಕಾದದ್ದರ ಮೂವತ್ತು ಪಟ್ಟು ಇತ್ತು! ಡೈನೊಸಾರ್‌ಗಳನ್ನು ಅಳಿಸಿದ ಡಿಕ್ಕಿಯ ಸಿದ್ಧಾಂತ 1980ರಲ್ಲಿ ಹುಟ್ಟಿದ್ದು ಧೂಳಿನ ಗಡಿಯಾರ ಹುಡುಕುತ್ತ ಹೋದಾಗ. ಸೇಡಂ, ಚಿಂಚೋಳಿಯ ಬಡಗಣಕ್ಕೆ ಸುಣ್ಣಕಲ್ಲನ್ನು ಮುಚ್ಚಿರುವ ಕರಿಕಲ್ಲಿನ ಲಾವಾ ಹರಿದದ್ದೂ ಆ ಕಾಲದಲ್ಲೇ.

ಅದಕ್ಕಿಂತ ಹತ್ತಿರದ ಹೋಲಿಕೆ ಸ್ವೀಡನ್ನಿನದು. ಕಿನ್ನೆಕುಲ್ಲೆ ಬೆಟ್ಟದ ಥೋರ್ಸ್‌ಬೆರ್ಗ್ ಖಣಿಯಲ್ಲಿ ತೆಗೆಯುವುದು ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಹಲಗೆ, ಥೇಟ್ ಶಹಾಬಾದಿನ ಹಾಗೆ. ಕೊಯ್ದ ಹಲಗೆಯಲ್ಲಿ ಆಗಾಗ ಕಪ್ಪು ಕಲೆ ಕಂಡರೆ ಗಿರಾಕಿ ಒಪ್ಪನೆಂದು ಕೆಲಸಗಾರರು ಬಿಸಾಡುತ್ತಿದ್ದರು. 1990ರ ದಶಕದಲ್ಲಿ ಬಿರ್ಗರ್ ಶ್ಮಿಟ್ಸ್ ಮತ್ತು ಮಾರಿಯೊ ತಸ್ಸಿನಾರಿ ಆ ಕಲೆಗಳನ್ನು ಕೂಡಿಹಾಕತೊಡಗಿದರು. ಕಲೆ ಎಂದರೆ 47 ಕೋಟಿ ವರ್ಷ ಹಿಂದೆ ಸಮುದ್ರದ ತಳಕ್ಕೆ ಬಿದ್ದ ಉಲ್ಕಾಶಿಲೆ. ಈಗ ಅಂಥವು ನೂರಕ್ಕೂ ಹೆಚ್ಚಾಗಿವೆ. ಕಲ್ಲನ್ನು ಟನ್‌ಗಟ್ಟಲೆ ಆಮ್ಲದಲ್ಲಿ ಕರಗಿಸಿ ಉಳಿದ ಕ್ರೋಮೈಟ್ ಹರಳು ಆರಿಸಿದಾಗ, ದೊಡ್ಡ ಕ್ಷುದ್ರಗ್ರಹವೊಂದು ಆಗ ಒಡೆದು ಧೂಳಿನ ಸುರಿತ ಸಾವಿರಾರು ಪಟ್ಟು ಏರಿತ್ತೆಂದು ತಿಳಿಯಿತು. ಆ ಧೂಳು ಬಿಸಿಲಿಗೆ ಅಡ್ಡ ನಿಂತು ಭೂಮಿಗೆ ಹಿಮಯುಗ ತಂದಿತೆಂಬುದು 2019ರ ವಾದ. ಕಾಲ ಹೊಂದುತ್ತದೆ, ಕಾರಣ ಅದೇ ಎನ್ನಲು ಇನ್ನಷ್ಟು ಸಾಕ್ಷ್ಯ ಬೇಕು. ಆಸ್ಟ್ರೇಲಿಯಾದ ಪಿಲ್ಬರದಲ್ಲಿ 270 ಕೋಟಿ ವರ್ಷದ ಸುಣ್ಣಕಲ್ಲಿನಿಂದ 60 ಉಲ್ಕಾಮಣಿ ತೆಗೆದವರಂತೂ ಅವು ತುಕ್ಕು ಹಿಡಿದ ಬಗೆ ನೋಡಿ ಅಂದಿನ ಮೇಲ್ಗಾಳಿಯಲ್ಲಿ ಆಮ್ಲಜನಕವಿತ್ತೆಂದು 2016ರಲ್ಲಿ ವಾದಿಸಿದರು.

ಭೀಮಾ ತೀರದ ಸುಣ್ಣಕಲ್ಲಿಗೆ ವಿಲಿಯಂ ಕಿಂಗ್ ‘ಭೀಮಾ ಸರಣಿ’ ಎಂದು ಹೆಸರಿಟ್ಟದ್ದು, ಪಾಗ್ಸನ್ ಮದರಾಸಿನಲ್ಲಿ ಮೋಡದ ಬಿರುಕು ಕಾಯುತ್ತಿದ್ದ 1872ರಲ್ಲೇ. ಕಡಲಿನಲ್ಲಿ ಮೀನು ಹುಟ್ಟುವುದಕ್ಕೂ ಮುಂಚಿನ, ತೆಳ್ಳಗೆ ಪದರ ಪದರವಾಗಿ ಕೂತ ಕೆಸರು ಅದು. ಆ ಪದರವೇ ಫರಸಿಯ ಗುಣ. ಉಳಿ ಇಟ್ಟು ಸುತ್ತಿಗೆಯಿಂದ ತಟ್ಟಿದರೆ ಹಲಗೆಯಾಗಿ ಏಳುತ್ತದೆ. ಕಪ್ಪು ಕಲೆ ಕಂಡ ಕೂಡಲೇ ಉಲ್ಕೆ ಎಂದು ಕುಣಿಯಬೇಕಿಲ್ಲ, ಕಬ್ಬಿಣ, ಮ್ಯಾಂಗನೀಸಿನ ಕಲೆಗಳೂ ಸುಣ್ಣಕಲ್ಲಿಗೆ ಸಹಜ. ಕರಗಿಸಿ ಸೋಸುವ ಲೆಕ್ಕ ಬೇರೆ. ಅದಕ್ಕೆ ಮೊದಲು ಕೇಳಬೇಕಾದದ್ದು ಕೆಸರು ಎಷ್ಟು ನಿಧಾನವಾಗಿ ಕೂತಿತ್ತು ಎಂಬ ಪ್ರಶ್ನೆ. ನಿಧಾನವಾದಷ್ಟೂ ಒಂದು ಹಲಗೆಯಲ್ಲಿ ಹೆಚ್ಚು ವರ್ಷದ ಧೂಳು. ಸ್ವೀಡನ್ನಿನ ಕಲ್ಲು ಸಾವಿರ ವರ್ಷಕ್ಕೆ ಎರಡು ಮಿಲಿಮೀಟರಿನ ಆಸುಪಾಸಿನಲ್ಲಿ ಬೆಳೆದದ್ದು. ಅದೇ ನಡೆಯಾದರೆ ಎರಡಿಂಚಿನ ಒಂದು ಫರಸಿಯಲ್ಲಿ 25,000 ವರ್ಷ. ಶಹಾಬಾದದ ಕಲ್ಲಿನ ನಡೆ ಅಷ್ಟೇ ಎಂದು ಊಹಿಸಿಕೊಳ್ಳುವಂತಿಲ್ಲ, ಪದರ ಪದರಕ್ಕೂ ಅಳೆಯಬೇಕು. ಕರಗಿಸಲು ಟನ್‌ಗಟ್ಟಲೆ ಕಲ್ಲು ಬೇಕೆಂಬುದು ಬೇರೆ ಕಡೆ ದೊಡ್ಡ ಖರ್ಚಿನ ಬಾಬತ್ತು. ಇಲ್ಲಿ ರಸ್ತೆಯುದ್ದಕ್ಕೂ, ಬಿಟ್ಟ ಖಣಿಗಳ ದಂಡೆಯಲ್ಲಿ, ಅಂಚು ಮುರಿದು ಕೊಳ್ಳುವವರಿಲ್ಲದ ಫರಸಿ ಆಳೆತ್ತರಕ್ಕೆ ಒಟ್ಟಿದೆ.